ಎನ್‌ಎಫ್‌ಎಚ್‌ಎಸ್ ನೋಡಬೇಕಾ, ಎಸ್‌ಆರ್‌ಎಸ್ ನೋಡಬೇಕಾ?

ಕುಟುಂಬ ಯೋಜನೆ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದರೆ ಮೊದಲು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್ ತೆಗೆಯಿರಿ. 15ರಿಂದ 49 ವರ್ಷದ ಹೆಂಗಸರನ್ನು ಮನೆಗೇ ಹೋಗಿ ಕೇಳುತ್ತಾರೆ: ಯಾವ ವಿಧಾನ ಬಳಸುತ್ತೀರಿ, ಇನ್ನೂ ಮಗು ಬೇಕಾ, ಅಡ್ಡಪರಿಣಾಮದ ಬಗ್ಗೆ ಯಾರಾದರೂ ತಿಳಿಸಿದ್ದರಾ ಅಂತ. 2019-21ರ ಸುತ್ತಿನಲ್ಲಿ ದೇಶದ ಮದುವೆಯಾದ ಹೆಂಗಸರಲ್ಲಿ 37.9% ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡವರು, ಗಂಡಂದಿರ ಆಪರೇಷನ್ ಲೆಕ್ಕ ಬರೀ 0.3%. ನೋಡಿದಾಗೆಲ್ಲ ಸಂಕಟವಾಗುತ್ತದೆ. ಭಾರವೆಲ್ಲ ಹೆಂಗಸಿನ ಮೈಮೇಲೇ ಅಲ್ವಾ?

ಎಸ್‌ಆರ್‌ಎಸ್, ಅಂದರೆ ಹುಟ್ಟು-ಸಾವು ಲೆಕ್ಕವಿಡುವ ಮಾದರಿ ನೋಂದಣಿ ವ್ಯವಸ್ಥೆ, ಬೇರೆ ಥರ. ಆಯ್ದ ಜಾಗಗಳಲ್ಲಿ ಒಬ್ಬರು ವರ್ಷಪೂರ್ತಿ ಹುಟ್ಟು-ಸಾವು ಬರೆದಿಡುತ್ತಾರೆ, ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬಂದು ಬೇರೆಯಾಗಿ ಲೆಕ್ಕ ತೆಗೆಯುತ್ತಾರೆ, ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ. ಜನನ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೇಗೆ ಇಳಿಯಿತು ಅಂತ ಬೇಕಿದ್ದರೆ ಇದೇ ಸರಿ. ಕಾಪರ್-ಟಿ, ಮಾತ್ರೆ ಯಾರು ಬಳಸುತ್ತಾರೆ ಅಂತ ಇದರಲ್ಲಿ ಸುಮ್ನೆ ಹುಡುಕಬೇಡಿ. ಅದು ಜಿಲ್ಲಾವಾರು ಬೇಕಾದರೂ ಎನ್‌ಎಫ್‌ಎಚ್‌ಎಸ್‌ಗೇ ಬನ್ನಿ.