ಬರದ ನಂತರ ಚಿಗುರಿದ ಜೋಳದ ಕೂಳೆಯನ್ನು ದನಗಳಿಗೆ ಹಾಕಬೇಡಿ

ಮೇವಿನ ಜೋಳ ಬೆಳೆದು ದನ ಸಾಕುವವರೆಲ್ಲರೂ ಇದನ್ನು ಓದಬೇಕೆಂದು ಕೋರುತ್ತೇನೆ. ನನ್ನ ಕೊಟ್ಟಿಗೆಯಲ್ಲಿ ಒಂದೇ ಬೆಳಿಗ್ಗೆ, ಅರ್ಧ ಗಂಟೆಯೊಳಗೆ, ಕರೆಯುವ ಹಸು ಒಂದೂ ಗಬ್ಬದ ಕಡಸು ಒಂದೂ ಸತ್ತವು. ಹಾವು ಕಚ್ಚಿರಬೇಕೆಂದು ಮೊದಲು ಭಾವಿಸಿದೆವು. ಅವುಗಳನ್ನು ಕೊಂದದ್ದು ನಾನೇ ಕೈಯಾರೆ ಕೊಯ್ದು ತಂದ ಹಸಿ ಮೇವು.

ಮೊದಲ ಕೊಯ್ಲು ಮುಗಿದ ಮೇಲೆ 40 ದಿನ ಮಳೆಯಾಗಲಿಲ್ಲ. ಕೂಳೆಯಿಂದ ಒಡೆದ ಚಿಗುರು ಗೇಣುದ್ದಕ್ಕೇ ನಿಂತಿತ್ತು. ಎಲೆಗಳು ಸುರುಳಿ ಸುತ್ತಿಕೊಂಡಿದ್ದವು. ಅಷ್ಟು ದಿನವೂ ದನಗಳಿಗೆ ಒಣಹುಲ್ಲೇ ಗತಿಯಾಗಿತ್ತು, ಹಾಲೂ ಇಳಿದಿತ್ತು. ಆಮೇಲೆ ಎರಡು ಹದವಾದ ಮಳೆ ಬಿದ್ದವು. ನೆಲದ ತೇವ ಆರುವ ಮೊದಲೇ ಯೂರಿಯಾ ಎರಚಿದೆ. ಎಂಟು ದಿನ ಕಳೆಯುವಷ್ಟರಲ್ಲಿ ಹೊಲ ಕಣ್ಣು ತಂಪಾಗುವಂತೆ ಹಸಿರಾಯಿತು, ಆದರೆ ಪೈರು ಇನ್ನೂ ಮೊಣಕಾಲನ್ನು ಮುಟ್ಟಿರಲಿಲ್ಲ. ಎರಡನೆಯ ಕೊಯ್ಲಿಗೆ ಸುಮಾರು 45 ದಿನ ಸಾಕೆಂಬುದು ನಾನು ಕೇಳಿ ತಿಳಿದಿದ್ದ ಲೆಕ್ಕ. ನನ್ನದು 48 ದಿನದ ಬೆಳೆ. ಅದರಲ್ಲಿ 40 ದಿನ ಬೆಳೆ ಬೆಳೆದೇ ಇರಲಿಲ್ಲ ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಂದು ಬೆಳಿಗ್ಗೆ ಬೇರೇನನ್ನೂ ಹಾಕದೆ, ಹಸಿದಿದ್ದ ದನಗಳ ಮುಂದೆ ಆ ಮೇವನ್ನು ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ ಗೋದಲಿ ತುಂಬ ಸುರಿದೆ. ಹತ್ತು ಹದಿನೈದು ನಿಮಿಷವಾಗಿರಬಹುದು. ಕಡಸು ತಿನ್ನುವುದನ್ನು ನಿಲ್ಲಿಸಿ, ಕತ್ತು ಮುಂದಕ್ಕೆ ಚಾಚಿ, ಓಡಿ ಬಂದ ಪ್ರಾಣಿಯಂತೆ ಏದುಸಿರು ಬಿಡತೊಡಗಿತು. ಬಾಯಿಂದ ಜೊಲ್ಲು ಸುರಿಯಿತು, ತೊಡೆಯ ಸ್ನಾಯುಗಳು ಅದುರಿದವು, ಹಿಂಗಾಲು ತಡವರಿಸಿ ಅದು ಹಗ್ಗದ ಮೇಲೆಯೇ ಕುಸಿಯಿತು. ಹೊಟ್ಟೆ ಉಬ್ಬರವೆಂದು ತಿಳಿದು ನಾವು ಗೊಟ್ಟದಿಂದ ಎಣ್ಣೆ ಕುಡಿಸಲು ಹೋದೆವು. ಅದು ಇನ್ನೊಂದು ತಪ್ಪು: ನುಂಗಲಾರದ ದನಕ್ಕೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯವಾದ ನಿಮಿಷಗಳೂ ಹಾಳಾಗುತ್ತವೆ. ಅಷ್ಟರಲ್ಲಿ ಪಕ್ಕದ ಹಸುವೂ ಬಿದ್ದಿತು. ಅದರ ಹಲ್ಲುಗಳ ನಡುವೆ ಅರ್ಧ ಅಗಿದ ಎಲೆಗಳು ಹಾಗೆಯೇ ಇದ್ದವು.

ಪಶುವೈದ್ಯರು ಬರುವ ಹೊತ್ತಿಗೆ ಉಳಿದದ್ದು ನಡುಗುತ್ತಿದ್ದ ಮೂರನೆಯ ಹಸು. ಅದು ಪುಕ್ಕಲು ಸ್ವಭಾವದ್ದು, ಉಳಿದವು ನೂಕಿದ್ದರಿಂದ ಕಡಿಮೆ ತಿಂದಿತ್ತು. ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಚುಚ್ಚಿದಾಗ ಕಪ್ಪಾಗಿರಬೇಕಿದ್ದ ರಕ್ತ ಢಾಳಾದ ಕೆಂಪು ಬಣ್ಣದಲ್ಲಿ ಬಂದಿತು. ಅದನ್ನು ಕಂಡೊಡನೆ ಅವರು ಸೈನೈಡ್ ವಿಷವೆಂದು ಗುರುತಿಸಿ, ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಔಷಧಗಳನ್ನು ನರಕ್ಕೆ ಕೊಟ್ಟರು. ಆ ಹಸು ಬದುಕಿತು. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಆದರೆ ಸೈನೈಡ್ ತಡೆಯುವುದರಿಂದ ದೇಹದ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಆ ಕೆಂಪಿಗೆ ಅದೇ ಕಾರಣ.

ಎಳೆಯ ಜೋಳದಲ್ಲಿ ಧುರ್ರಿನ್ ಎಂಬ ವಸ್ತು ಇರುತ್ತದೆ. ಎಲೆಯನ್ನು ಜಜ್ಜಿದಾಗ, ಕತ್ತರಿಸಿದಾಗ ಅಥವಾ ಅಗಿದಾಗ ಅದು ಒಡೆದು ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಇನ್ನಷ್ಟು ವೇಗವಾಗಿ ಮಾಡುತ್ತವೆ. ಬಿಸಿಲಿಗೆ ಸೊರಗಿದ ಗಿಡದಲ್ಲೂ, ಮಳೆಯ ನಂತರ ಒಡೆಯುವ ಹೊಸ ಚಿಗುರಿನಲ್ಲೂ, ಸಾರಜನಕ ಗೊಬ್ಬರ ಹೆಚ್ಚಾದ ಬೆಳೆಯಲ್ಲೂ ಧುರ್ರಿನ್ ಹೆಚ್ಚು. ನನ್ನ ಹೊಲದಲ್ಲಿ ಈ ಮೂರೂ ಒಟ್ಟಿಗೆ ಇದ್ದವು. 400 ಕಿಲೋ ತೂಗುವ ಹಸುವನ್ನು ಕೊಲ್ಲಲು ಈ ವಿಷ ಒಂದು ಗ್ರಾಮಿನಷ್ಟೂ ಬೇಕಿಲ್ಲ.

ಆದ್ದರಿಂದ ಮಳೆ ಕೈಕೊಟ್ಟ ವರ್ಷ ದಿನಗಳನ್ನು ಎಣಿಸಬೇಡಿ, ಗಿಡವನ್ನು ನೋಡಿ. ಬರದಿಂದ ಚೇತರಿಸಿಕೊಂಡ ಜೋಳವನ್ನು 60 ಸೆಂಟಿಮೀಟರಿಗಿಂತ ಎತ್ತರ ಬೆಳೆಯುವವರೆಗೆ ಮುಟ್ಟಬಾರದು. ಅರ್ಧದಷ್ಟು ಗಿಡ ಹೂ ಬಿಡುವವರೆಗೆ ಕಾದರೆ ಇನ್ನೂ ಒಳ್ಳೆಯದು. ಆಗಲೂ ದನಗಳಿಗೆ ಮೊದಲು ಒಣಹುಲ್ಲು ಹಾಕಿ, ನಂತರವೇ ಹಸಿಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ತೆನೆ ಕೊಯ್ದ ಜೋಳದ ಹೊಲಕ್ಕೆ ದನ ಬಿಡುವವರು ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ದನಗಳು ಒಣ ದಂಟನ್ನು ಬಿಟ್ಟು ಬುಡದಲ್ಲಿ ಒಡೆದ ಮೊಳಕೆಯನ್ನೇ ಹುಡುಕಿ ತಿನ್ನುತ್ತವೆ.

ಉಳಿದ ಮೇವನ್ನು ಒಣಗಿಸಿ ಹಾಕಬಹುದೇ ಎಂದು ಪಶುವೈದ್ಯರನ್ನು ಕೇಳಿದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಸೈನೈಡ್ ಬಹುಪಾಲು ಆವಿಯಾಗಿ ಹೋಗುತ್ತದೆ. ಆದರೆ ಬರದ ಬೆಳೆಗೆ ಯೂರಿಯಾ ಎರಚಿದ್ದೀರಿ, ದಂಟಿನಲ್ಲಿ ಸೇರಿಕೊಂಡ ನೈಟ್ರೇಟ್ ಎಂಬ ಇನ್ನೊಂದು ವಿಷ ಒಣಗಿದರೂ ಹೋಗುವುದಿಲ್ಲ ಎಂದರು. ನೈಟ್ರೇಟ್ ವಿಷವೇರಿದ ದನದ ರಕ್ತ ಕಡುಗಂದು ಬಣ್ಣಕ್ಕೆ ತಿರುಗುತ್ತದೆ, ಅದರ ಔಷಧವೂ ಬೇರೆ. ಇದು ಜೋಳಕ್ಕೆ ಸೀಮಿತವಲ್ಲ: ಸಜ್ಜೆಯಲ್ಲಿ ಧುರ್ರಿನ್ ಇಲ್ಲವೆಂದು ನಿಶ್ಚಿಂತರಾಗಿರುವವರೂ ನೈಟ್ರೇಟಿನ ಬಗ್ಗೆ ಯೋಚಿಸಬೇಕು.

ಹೀಗಾಗಿ ಉಳಿದ ಬೆಳೆಯನ್ನು ಹೂ ಬಿಡುವವರೆಗೆ ಬಿಟ್ಟು, ನೈಟ್ರೇಟ್ ಹೆಚ್ಚು ಸೇರುವ ಬುಡದ ಭಾಗವನ್ನು ಒಂದು ಗೇಣು ಹೊಲದಲ್ಲೇ ಉಳಿಸಿ ಕೊಯ್ದು, ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸುವ ರಸಮೇವಿನ (ಸೈಲೇಜ್) ಗುಂಡಿಗೆ ತುಂಬಿಸಿದೆ. ಹುದುಗುವಾಗ ಎರಡೂ ವಿಷಗಳು ಕುಗ್ಗುತ್ತವೆ, ಆದರೆ ಪೂರ್ತಿ ಅಳಿಯುತ್ತವೆಂಬ ಖಾತ್ರಿಯಿಲ್ಲ. ಎಂಟು ವಾರಗಳ ನಂತರ ಗುಂಡಿ ತೆರೆದು, ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಉತ್ತರ ಬರುವವರೆಗೆ ಗುಂಡಿಯನ್ನು ಮತ್ತೆ ಮುಚ್ಚಿಟ್ಟೆ.