ಕೆಎಫ್ ಫಿಟ್ಟಿಂಗ್, ವೈಟಾನ್ ಓ-ರಿಂಗ್: ಕ್ಲಾಂಪ್ ಅಗ್ಗದ್ದು ಸಾಕು, ರಿಂಗ್ ಅಗ್ಗದ್ದು ಬೇಡ

ತುಮಕೂರಿನ ವಸಂತನರಸಾಪುರದ ಶೆಡ್‌ನಲ್ಲಿ, ಡಿಫ್ಯೂಷನ್ ಪಂಪಿನ (ಎಣ್ಣೆಯ ಆವಿಯಿಂದ ಗಾಳಿ ಹೊರದಬ್ಬುವ ನಿರ್ವಾತ ಪಂಪ್) ಕೋಟಿಂಗ್ ಯಂತ್ರವನ್ನು ವರ್ಷಗಟ್ಟಲೆ ಓಡಿಸಿದ ನಂತರ ಬರೆದದ್ದು. ಕೆಎಫ್ ಎಂದರೆ ನಿರ್ವಾತ ಪೈಪ್‌ಗಳ ಜಾಯಿಂಟ್: ಎರಡು ಫ್ಲ್ಯಾಂಜ್‌ಗಳ ನಡುವೆ ರಬ್ಬರ್ ಓ-ರಿಂಗ್, ಹೊರಗಿನಿಂದ ಕ್ಲಾಂಪ್. ವೈಟಾನ್ ಬಿಸಿ ತಾಳುವ ರಬ್ಬರ್. ಸ್ಥಳೀಯ ವರ್ಕ್‌ಶಾಪ್‌ನ ಎಸ್‌ಎಸ್ 304 ಕೆಎಫ್25, ಕೆಎಫ್40 ಫಿಟ್ಟಿಂಗ್; ಅಲ್ಯೂಮಿನಿಯಂ ಕ್ಲಾಂಪ್; ಕೆಲಸದ ಒತ್ತಡ 10⁻⁵ರಿಂದ 10⁻⁶ ಮಿಲಿಬಾರ್.

ಕ್ಲಾಂಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಹಾಕಿದರೆ ಸೀಲ್ ಸುಧಾರಿಸುವುದಿಲ್ಲ, ಬೋಲ್ಟಿನ ಥ್ರೆಡ್ ಸವೆಯುತ್ತದೆ ಅಷ್ಟೇ. ಕೆಎಫ್20, ಕೆಎಫ್25 ಎರಡರ ಫ್ಲ್ಯಾಂಜೂ 40 ಮಿಮೀ, ಕ್ಲಾಂಪ್ ಒಂದೇ; ಓ-ರಿಂಗನ್ನು ನಡುವೆ ಹಿಡಿದಿಡುವ ಸೆಂಟರಿಂಗ್ ರಿಂಗ್ ಮಾತ್ರ ಬೇರೆ, ಆರ್ಡರ್ ಮಾಡುವಾಗ ಅಲ್ಲೇ ಎಡವಟ್ಟಾಗುವುದು.

ಅಂಗಡಿಯಲ್ಲಿ ಮೋಸ ಹೋಗುವುದು ರಿಂಗಿನಲ್ಲಿ. ವೈಟಾನ್ ಎಂದು ಕೊಟ್ಟದ್ದು ಅಗ್ಗದ ನೈಟ್ರೈಲ್ ರಬ್ಬರ್ ಇರಬಹುದು, ಕಪ್ಪು ಬಣ್ಣ ನೋಡಿ ತಿಳಿಯದು. ತೂಕ ಹಾಕಿ. ಕೆಎಫ್25ರ ಓ-ರಿಂಗ್ 28×5 ಮಿಮೀ. ವೈಟಾನ್ ಆದರೆ ಸುಮಾರು 3.7 ಗ್ರಾಂ, ನೈಟ್ರೈಲ್ ಆದರೆ 2.5ರ ಆಸುಪಾಸು. ಚಿನ್ನದಂಗಡಿಯ ಚಿಕ್ಕ ತಕ್ಕಡಿ ಸಾಕು. ನೈಟ್ರೈಲ್ ರಫಿಂಗ್ ಲೈನಿಗೆ (ಮೊದಲ ಹಂತದ ಪಂಪಿನ ಪೈಪ್) ಪರವಾಗಿಲ್ಲ, ಬಿಸಿ ಇರುವ ಕಡೆ ಬೇಗ ಗಟ್ಟಿಯಾಗುತ್ತದೆ. ಸಿಲಿಕೋನ್ ರಬ್ಬರ್ ಬೇಡವೇ ಬೇಡ: ಬಿಸಿ ತಾಳುತ್ತದೆ ನಿಜ, ಆದರೆ ಗಾಳಿಯೂ ತೇವವೂ ಅದರ ಮೂಲಕವೇ ಒಳಗೆ ನುಸುಳುತ್ತವೆ.

ಇಲ್ಲಿನ ಬೋರ್‌ವೆಲ್ ನೀರು ಗಡಸು. ಡಿಫ್ಯೂಷನ್ ಪಂಪಿನ ಕೂಲಿಂಗ್ ಕಾಯಿಲ್‌ನಲ್ಲಿ ಸುಣ್ಣ ಕಟ್ಟಿ ಹರಿವು ಇಳಿದರೆ ಫ್ಲ್ಯಾಂಜ್ ಬಿಸಿಯಾಗಿ ರಿಂಗ್ ಚಪ್ಪಟೆಯಾಗುತ್ತದೆ. ಆಗ ರಿಂಗ್ ಬದಲಿಸುವ ಮುಂಚೆ ನೀರು ಹೊರಬರುವ ಪೈಪ್ ಮುಟ್ಟಿ ನೋಡಿ. ಬಿಸಿ ಇಳಿಸದೆ ಹೊಸ ರಿಂಗ್ ಹಾಕಿದರೆ ಅದೂ ಹಾಗೇ ಆಗುತ್ತದೆ.

ಲೀಕ್ ಹುಡುಕಲು ಅಸಿಟೋನ್ ಸಿಂಪಡಿಸುವ ಅಭ್ಯಾಸ ಬಿಡಿ, ವೈಟಾನ್ ಅದರಲ್ಲಿ ಊದಿಕೊಳ್ಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ, ಸಿಂಪಡಿಸುತ್ತಾ ಜಾಯಿಂಟ್ ಹತ್ತಿರ ಬಂದಾಗ ಪಿರಾನಿ ಗೇಜ್ (ನಿರ್ವಾತದ ಒತ್ತಡ ಅಳೆಯುವ ಮಾಪಕ) ಅಲುಗುತ್ತದೆಯೇ ನೋಡಿ. ಎಲ್ಲೂ ಅಲುಗದೆ ಒತ್ತಡ ಮಾತ್ರ ಇಳಿಯಲು ಮೊಂಡು ಹಿಡಿದರೆ ತೇವವೋ ಒಳಗೆ ಸಿಕ್ಕಿಕೊಂಡ ಗಾಳಿಯೋ ಇರಬಹುದು. ಕುರುಡು ತೂತಿಗೆ (ಆಚೆ ಬದಿಗೆ ತೆರೆಯದ್ದು) ಹಾಕಿದ ಸ್ಕ್ರೂ, ಹೊರಗಷ್ಟೇ ವೆಲ್ಡ್ ಮಾಡಿದ ಫಿಟ್ಟಿಂಗ್ ಇದಕ್ಕೆ ಸಾಮಾನ್ಯ ಕಾರಣ. ಅಗ್ಗದ ಫಿಟ್ಟಿಂಗ್‌ಗಳ ದೊಡ್ಡ ದೋಷವೂ ಇದೇ. ಕೊಳ್ಳುವಾಗ ಟಾರ್ಚ್ ಬಿಟ್ಟು ನೋಡಿ, ವೆಲ್ಡ್ ಒಳಬದಿಯಲ್ಲಿ ಸುತ್ತಲೂ ಇರಬೇಕು.

ಗ್ರೀಸ್? ಕೆಎಫ್ ರಿಂಗಿಗೆ ಬೇಕಿಲ್ಲ. ಶೆಡ್‌ನ ಧೂಳು ಅದಕ್ಕೇ ಅಂಟುತ್ತದೆ. ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ಕೂರಿಸಿ.

ಈ ಒತ್ತಡಕ್ಕೆ ಸಿಎಫ್ (ರಬ್ಬರ್ ಬದಲು ತಾಮ್ರದ ಗ್ಯಾಸ್ಕೆಟ್ ಇರುವ ಬೋಲ್ಟಿನ ಫ್ಲ್ಯಾಂಜ್) ಹಾಕಿಸುವುದು ದಂಡ. 10⁻⁹ ಮಿಲಿಬಾರ್ ಬೇಕಿದ್ದರೆ, ಇಡೀ ಚೇಂಬರ್ ಬೇಕ್ ಮಾಡುವುದಿದ್ದರೆ (ಕಾಯಿಸಿ ತೇವ ಓಡಿಸುವುದು) ಮಾತ್ರ ಅದರ ಮಾತು. ಆಗ ತಾಮ್ರದ ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದು. ಸಿಎಫ್40ಕ್ಕೆ ಆರು ಎಂ6 ಬೋಲ್ಟ್, ಎದುರುಬದುರು ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು. ಫ್ಲ್ಯಾಂಜನ್ನು ಮುಖ ಕೆಳಗಾಗಿ ಬೆಂಚ್ ಮೇಲೆ ಇಡಬೇಡಿ, ಚಾಕುವಿನಂಥ ಅಂಚಿಗೆ ಗೀರು ಬಿದ್ದರೆ ಯಾವ ಗ್ಯಾಸ್ಕೆಟ್ಟೂ ಹಿಡಿಯದು.