ಕಬಾಲ್ ಮತ್ತು ಜಿಎಚ್‌ಸಿ: ಪ್ಯಾಕೇಜ್ ಸ್ಟೋರ್‌ಗೆ ಮೆಚ್ಚುಗೆ, ಅಡಗಿದ ಕಡತಕ್ಕೆ ಆಕ್ಷೇಪ

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ (ಕೋಡನ್ನು ಓಡಬಲ್ಲ ಪ್ರೋಗ್ರಾಮಾಗಿ ಮಾರ್ಪಡಿಸುವ ಸಾಧನ) ಆದ ಜಿಎಚ್‌ಸಿ ಹಾಗೂ ಪ್ಯಾಕೇಜುಗಳನ್ನು ತಂದು ಕಟ್ಟಿಕೊಡಲು ಅದರ ಜೊತೆಗೆ ಬಳಸುವ ಕಬಾಲ್, ಇವೆರಡೂ ಸೇರಿ ಪ್ಯಾಕೇಜುಗಳನ್ನು, ಅಂದರೆ ಮರುಬಳಕೆಗೆಂದು ಸಿದ್ಧಪಡಿಸಿದ ಕೋಡಿನ ಕಟ್ಟುಗಳನ್ನು, ಹೇಗೆ ನಿಭಾಯಿಸುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಭಾಷೆಯ ಗುಣದೋಷಗಳಿಗೆ ಇಲ್ಲಿ ಕೈಹಾಕಿಲ್ಲ.

ಜಿಎಚ್‌ಸಿ ಒಂದು ಪ್ಯಾಕೇಜಿನ ಫಂಕ್ಷನ್ನುಗಳನ್ನು ಇನ್ನೊಂದರ ಕೋಡಿನೊಳಗೆ ಧಾರಾಳವಾಗಿ ಇನ್‌ಲೈನ್ ಮಾಡುತ್ತದೆ, ಅಂದರೆ ಕರೆಯುವ ಬದಲು ಅವುಗಳ ಒಡಲನ್ನೇ ಅಲ್ಲಿ ನಕಲಿಸಿಬಿಡುತ್ತದೆ. ಇದರಿಂದ ಪ್ರೋಗ್ರಾಮು ವೇಗವಾಗಿ ಓಡುತ್ತದೆ, ನಿಜ. ಆದರೆ ಯಾವುದೇ ಪ್ಯಾಕೇಜು ತಾನು ಕಂಪೈಲ್ ಆದಾಗ ಜೊತೆಗಿದ್ದ ಲೈಬ್ರರಿಯ ಆವೃತ್ತಿಗಷ್ಟೇ ಅಲ್ಲ, ಅದರ ನಿರ್ದಿಷ್ಟ ಬಿಲ್ಡಿಗೇ (ಕಂಪೈಲ್ ಆಗಿ ಸಿದ್ಧವಾದ ಪ್ರತಿಗೇ) ಅಂಟಿಕೊಂಡುಬಿಡುತ್ತದೆ. ಹಿಂದಿನ ಕಬಾಲ್ ಹಳೆಯ ಬಿಲ್ಡನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಕೂರಿಸುತ್ತಿದ್ದುದರಿಂದ, ಒಂದು ಲೈಬ್ರರಿಯನ್ನು ಹಾಕಿಕೊಳ್ಳಲು ಹೋದವರಿಗೆ ಅದನ್ನು ನೆಚ್ಚಿಕೊಂಡ ಉಳಿದವು ಮುರಿದು ಸಿಗುತ್ತಿದ್ದವು. ‘ಕಬಾಲ್ ಹೆಲ್’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಕಬಾಲ್‌ನ 2016ರ 1.24 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂದು, 2019ರ 3.0ರಿಂದ ಸಹಜ ವರ್ತನೆಯಾದ ಹೊಸ ವಿಧಾನ ಈ ಬೇನೆಯನ್ನು ಬಹುಮಟ್ಟಿಗೆ ನೀಗಿದೆ. ಮೂಲಕೋಡು, ಫ್ಲ್ಯಾಗುಗಳು (ಬಿಲ್ಡಿನ ಆಯ್ಕೆಗಳು), ಅವಲಂಬನೆಗಳು ಇವೆಲ್ಲವನ್ನೂ ಸೇರಿಸಿ ಲೆಕ್ಕಹಾಕಿದ ಹ್ಯಾಶ್ ಎಂಬ ಸಂಕೇತ ಪ್ರತಿ ಬಿಲ್ಡಿನ ಗುರುತಾಗಿರುವುದರಿಂದ, ಒಂದೇ ಆವೃತ್ತಿಯ ಎರಡು ಬಿಲ್ಡುಗಳು ಸ್ಟೋರಿನಲ್ಲಿ, ಅಂದರೆ ಕಬಾಲ್ ಬಿಲ್ಡುಗಳನ್ನು ಕೂಡಿಡುವ ಫೋಲ್ಡರಿನಲ್ಲಿ, ಜಗಳವಿಲ್ಲದೆ ಪಕ್ಕಪಕ್ಕದಲ್ಲಿ ಇರಬಲ್ಲವು. ಡಿಸ್ಕಿನ ಜಾಗ ತಿನ್ನುತ್ತದೆ ಎಂಬುದು ದೂರಾದರೂ ನನಗೆ ಅದು ದೊಡ್ಡದೆನಿಸಿಲ್ಲ. ಅವಲಂಬನೆಗಳ ಆವೃತ್ತಿಗಳನ್ನು ಒಂದು ಕಡತದಲ್ಲಿ ಬರೆದು ನಿಗದಿಪಡಿಸುವ ‘ಕಬಾಲ್ ಫ್ರೀಜ್’ ಆದೇಶ ಕೂಡ ಹೇಳಿದಷ್ಟು ಕೆಲಸ ಮಾಡುತ್ತದೆ. ಕಂಪೈಲರಿನ ಜೊತೆಗೇ ಬರುವ ‘ಬೇಸ್’ ಪ್ಯಾಕೇಜಿನ ಆವೃತ್ತಿಯನ್ನೂ ಅದು ಕಟ್ಟಿಹಾಕುವುದರಿಂದ, ಜಿಎಚ್‌ಸಿ ಬದಲಿಸಿದ ದಿನ ಮಾತ್ರ ಆ ಕಡತವನ್ನು ಹೊಸದಾಗಿ ಬರೆಸಬೇಕು.

ನನ್ನ ಆಕ್ಷೇಪವಿರುವುದು ಪ್ಯಾಕೇಜ್ ಎನ್ವಿರಾನ್‌ಮೆಂಟ್ ಕಡತದ ಬಗ್ಗೆ. ಯಾವ ಡೇಟಾಬೇಸಿನಿಂದ ಯಾವ ಪ್ಯಾಕೇಜುಗಳು ಜಿಎಚ್‌ಸಿಗೆ ಕಾಣಬೇಕು ಎಂಬುದನ್ನು ಸಾಲುಸಾಲಾಗಿ ಬರೆದಿಟ್ಟ ಸಣ್ಣ ಪಠ್ಯಕಡತ ಅದು. ಈಗಿನ ಫೋಲ್ಡರಿನಲ್ಲಿ ಸಿಗದಿದ್ದರೆ ಜಿಎಚ್‌ಸಿ ಅದನ್ನು ಮೇಲಿನ ಫೋಲ್ಡರುಗಳಲ್ಲೂ ಹುಡುಕುತ್ತದೆ, ಅಲ್ಲೂ ಇಲ್ಲದಿದ್ದರೆ ಬಳಕೆದಾರರ ಡಿಫಾಲ್ಟ್ ಕಡತವನ್ನು ಓದುತ್ತದೆ. ನಾನೇ ಎಂದೋ ‘ಕಬಾಲ್ ಇನ್‌ಸ್ಟಾಲ್’ ಆದೇಶಕ್ಕೆ ಲೈಬ್ರರಿಗಳನ್ನು ಹಾಕಿಕೊಳ್ಳುವ ‘ಲಿಬ್’ ಆಯ್ಕೆ ಸೇರಿಸಿ ಓಡಿಸಿ, ಅದು ಆ ಡಿಫಾಲ್ಟ್ ಕಡತದಲ್ಲಿ ದಾಖಲಾದದ್ದನ್ನು ಮರೆತಿದ್ದೆ. ತಿಂಗಳುಗಳ ನಂತರ ಒಂದೇ ಕೋಡ್ ಕಡತ ‘ಕಬಾಲ್ ಬಿಲ್ಡ್’ನಲ್ಲಿ ಸರಿಯಾಗಿ ಕಂಪೈಲ್ ಆಗಿ, ಆ ಡಿಫಾಲ್ಟ್ ಕಡತವನ್ನು ಓದುವ ಜಿಎಚ್‌ಸಿಗೆ ನೇರವಾಗಿ ಕೊಟ್ಟಾಗ ಟೈಪ್ ದೋಷ ತೋರಿಸತೊಡಗಿತು. ಎನ್ವಿರಾನ್‌ಮೆಂಟ್ ಲೋಡ್ ಆಯಿತೆಂದು ಜಿಎಚ್‌ಸಿ ಮೊದಲ ಸಾಲಿನಲ್ಲೇ ಹೇಳುತ್ತಿತ್ತು. ಕೆಳಗಿನ ದೋಷವನ್ನಷ್ಟೇ ಓದುತ್ತಿದ್ದ ನನಗೆ ಆ ಸಾಲು ಕಂಡದ್ದು ಅರ್ಧ ದಿನ ಕಳೆದ ಮೇಲೆ.

ಪ್ರಾಜೆಕ್ಟುಗಳಲ್ಲಿ ಈ ಕಡತವನ್ನು ತಾನಾಗಿ ಬರೆಯುವುದನ್ನು 3.0 ನಿಲ್ಲಿಸಿರುವುದು ಒಳ್ಳೆಯ ನಿರ್ಧಾರ. ‘ಲಿಬ್’ ಆಯ್ಕೆಯನ್ನು ಮಾತ್ರ ಹೊಸಬರಿಗೆ ನಾನು ಶಿಫಾರಸು ಮಾಡುವುದಿಲ್ಲ. ಈಗಾಗಲೇ ಬಳಸಿ ಸಿಕ್ಕಿಕೊಂಡವರು ಆ ಡಿಫಾಲ್ಟ್ ಕಡತವನ್ನು ಅಳಿಸಿದರೆ ಸಾಕು. ಸ್ಟೋರಿನಲ್ಲಿರುವ ಬಿಲ್ಡುಗಳು ಹಾಗೆಯೇ ಉಳಿಯುತ್ತವೆ.